ಕಾವಲುಗೋಪುರದ ಮೇಲೆ ನಿಂತವನ ಪ್ರಾರ್ಥನೆ

(ಓದತಕ್ಕ ಭಾಗ: ಹಬಕ್ಕೂಕನ ಗ್ರಂಥ, 1ರಿಂದ 3ನೆಯ ಅಧ್ಯಾಯಗಳು)



ನಮ್ಮ ಸಭೆಗಳಲ್ಲಿ ಒಂದು ಪ್ರಶ್ನೆಯುಂಟು. ಅದನ್ನು ಬಹಿರಂಗವಾಗಿ ಕೇಳುವವರು ಅಪರೂಪ. ಆರಾಧನೆ ಮುಗಿದು ನೆರೆದವರು ಚದರಿದ ಮೇಲೆ ತಗ್ಗಿದ ಸ್ವರದಿಂದ ಕೇಳುತ್ತಾರೆ. ನಾವು ಪ್ರಾರ್ಥನೆ ಮಾಡಿದೆವು, ಉಪವಾಸವಿದ್ದೆವು, ಸುಳ್ಳಾಡದೆ ಇದ್ದೆವು. ಆದರೂ ಸುಳ್ಳು ಸಾಕ್ಷಿ ಹೇಳಿದವನೇ ವ್ಯಾಜ್ಯದಲ್ಲಿ ಗೆದ್ದನು. ಗಡಿಕಲ್ಲನ್ನು ಸರಿಸಿದವನ ಹೊಲವೇ ಹುಲುಸಾಗಿ ಬೆಳೆಯಿತು. ವಿಧವೆಯ ಕೂಲಿಯನ್ನು ಹಿಡಿದಿಟ್ಟುಕೊಂಡವನ ಮನೆಗೇ ಹೊಸ ಹೆಂಚು ಬಂದಿತು. ದೇವರು ಇದನ್ನೆಲ್ಲಾ ನೋಡುತ್ತಾನೋ? ನೋಡುತ್ತಿದ್ದರೆ ಸುಮ್ಮನಿರುವದು ಯಾಕೆ? ಹೀಗೆ ಕೇಳುವದೇ ನಮಗೆ ಪಾಪವಾಗುವದೋ?

ಇಂಥ ಪ್ರಶ್ನೆಗೆ ಅವಸರದ ಉತ್ತರ ಕೊಡುವದು ಸರಿಯಲ್ಲ. ಎಲ್ಲವೂ ದೇವರ ಚಿತ್ತವೆಂದು ಒಂದೇ ಮಾತು ಹೇಳಿ ಕಳುಹಿಸಿಬಿಟ್ಟರೆ, ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದ ಹಾಗಾಗುವದೇ ಹೊರತು ಔಷಧ ಹಾಕಿದ ಹಾಗಾಗದು. ದೇವರ ವಾಕ್ಯದಲ್ಲಿಯೇ ಈ ಪ್ರಶ್ನೆಯನ್ನು ಕೇಳಿದವನೊಬ್ಬನು ಇದ್ದಾನೆ. ಅವನು ಅವಿಶ್ವಾಸಿಯಲ್ಲ, ಪ್ರವಾದಿಯೇ. ಅವನ ಹೆಸರು ಹಬಕ್ಕೂಕ. ಅವನ ಗ್ರಂಥದಲ್ಲಿ ಇರುವವು ಮೂರೇ ಅಧ್ಯಾಯಗಳು, 56 ವಚನಗಳು. ದೀಪದ ಬೆಳಕಿನಲ್ಲಿ ಒಂದೇ ಸಾರಿ ಕೂತು ಓದಿ ಮುಗಿಸಬಹುದು. ಬೇರೆ ಪ್ರವಾದಿಗಳು ಹೆಚ್ಚಾಗಿ ದೇವರ ಮಾತನ್ನು ತೆಗೆದುಕೊಂಡು ಜನರ ಬಳಿಗೆ ಬಂದರು. ಇವನಾದರೋ ಜನರ ದೂರನ್ನು ತೆಗೆದುಕೊಂಡು ದೇವರ ಬಳಿಗೆ ಹೋದನು. ಈ ತಿಂಗಳು ಅವನ ಬಾಯಿಂದ ನಾವು ಪ್ರಾರ್ಥನೆಯನ್ನು ಕಲಿಯೋಣ.

1. ಪ್ರವಾದಿಯು ಕಂಡ ಕೆಡುಕು

ಹಬಕ್ಕೂಕನು ತನ್ನ ಕಾಲದ ಅರಸನ ಹೆಸರನ್ನು ಹೇಳಲಿಲ್ಲ. ಆದರೂ ಕಸ್ದೀಯರು ಏಳುತ್ತಿರುವ ಸಂಗತಿಯನ್ನು ಅವನು ಬರೆದಿರುವದರಿಂದ, ಯೆಹೂದದಲ್ಲಿ ಯೆಹೋಯಾಕೀಮನು ಆಳಿದ ದಿವಸಗಳು, ಅಂದರೆ ಕ್ರಿ.ಪೂ. 609ರಿಂದ 598ರ ವರೆಗಿನ ಕಾಲವು, ಅವನ ಕಾಲವೆಂದು ಪಂಡಿತರಲ್ಲಿ ಬಹು ಮಂದಿ ಎಣಿಸುತ್ತಾರೆ. ಆ ದಿವಸಗಳು ಎಂಥವು ಎಂಬದನ್ನು ಯೆರೆಮೀಯನ ಗ್ರಂಥದಿಂದಲೂ ಅರಸುಗಳ ಎರಡನೆಯ ಗ್ರಂಥದಿಂದಲೂ ತಿಳಿಯಬಹುದು.

ಯೆಹೋಯಾಕೀಮನ ತಂದೆಯಾದ ಯೋಷೀಯನು ಒಳ್ಳೇ ಅರಸನು. ಅವನ ಆಳಿಕೆಯ 18ನೆಯ ವರುಷದಲ್ಲಿ ದೇವಾಲಯದೊಳಗೆ ಧರ್ಮಶಾಸ್ತ್ರದ ಗ್ರಂಥವು ಸಿಕ್ಕಿತು. ಅವನು ಅದನ್ನು ಕೇಳಿ ಬಟ್ಟೆಗಳನ್ನು ಹರಿದುಕೊಂಡು ದೇಶವನ್ನು ತಿದ್ದಲು ಎದ್ದನು. ಅಂಥವನು ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನಲ್ಲಿ ಐಗುಪ್ತದ ಅರಸನಾದ ನೆಕೋವಿನ ಕೈಯಿಂದ ಸತ್ತನು. ಒಳ್ಳೆಯವನು ಹೋದನು, ಅವನ ಸ್ಥಾನಕ್ಕೆ ನೆಕೋವು ತನಗೆ ಬೇಕಾದವನನ್ನು ಕೂರಿಸಿದನು. ಅವನೇ ಯೆಹೋಯಾಕೀಮನು. ನೆಕೋವು 100 ತಲಾಂತು ಬೆಳ್ಳಿಯನ್ನೂ ಒಂದು ತಲಾಂತು ಬಂಗಾರವನ್ನೂ ದಂಡವಾಗಿ ಹೊರಿಸಲು, ಯೆಹೋಯಾಕೀಮನು ಅದನ್ನು ತನ್ನ ಬೊಕ್ಕಸದಿಂದ ತೆರದೆ ಜನರ ಮೇಲೆ ತೆರಿಗೆ ಹಾಕಿ ಹಿಂಡಿ ತೆಗೆದನು.

ಹಾಗೆ ದೇಶವು ಬಡವಾಗಿರುವಾಗಲೇ ಅವನು ತನಗೆ ದೊಡ್ಡ ಅರಮನೆಯನ್ನು ಕಟ್ಟಿಸಿದನು. ಅದಕ್ಕೆ ವಿಶಾಲವಾದ ಮಾಳಿಗೆ, ಅಗಲವಾದ ಕಿಟಕಿಗಳು, ದೇವದಾರಿನ ಹಲಗೆಗಳು, ಕೆಂಪು ಬಣ್ಣ, ಎಲ್ಲಾ ಇದ್ದವು. ಕೆಲಸದವರಿಗೆ ಕೂಲಿಯೊಂದು ಇರಲಿಲ್ಲ. ಬಿಟ್ಟಿ ದುಡಿಸಿಕೊಂಡು ಕಟ್ಟಿದ ಮನೆ ಅದು. ಬಡವನಿಗೆ ನ್ಯಾಯ ತೀರಿಸಿದ ನಿನ್ನ ತಂದೆಗೆ ಊಟಪಾನಗಳಿಗೇನು ಕಡಿಮೆಯಾಗಿತ್ತೆಂದು ಯೆರೆಮೀಯನು ಅವನನ್ನು ನೇರವಾಗಿ ಕೇಳಿದ್ದಾನೆ. ಬಿಟ್ಟಿಯ ದುಡಿತ ಎಂದರೇನೆಂಬದನ್ನು ನಮ್ಮ ಹಿರಿಯರು ಪುಸ್ತಕದಿಂದ ಕಲಿತವರಲ್ಲ. ಆದಕಾರಣ ಈ ಭಾಗವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ದೇವರ ಮಾತನ್ನು ಬರೆದ ಸುರುಳಿಯನ್ನು ಚಳಿಗಾಲದ ಒಂದು ದಿನ ಅರಸನ ಮುಂದೆ ಓದಿದಾಗ, ಅವನು ಮೂರು ನಾಲ್ಕು ಅಂಕಣಗಳನ್ನು ಓದಿದ ಹಾಗೆಲ್ಲಾ ಅವುಗಳನ್ನು ಚೂರಿಯಿಂದ ಕತ್ತರಿಸಿ ಅಗ್ಗಿಷ್ಟಿಕೆಯ ಬೆಂಕಿಗೆ ಹಾಕಿಸಿದನು. ಊರೀಯನೆಂಬ ಪ್ರವಾದಿಯು ಐಗುಪ್ತಕ್ಕೆ ಓಡಿಹೋದರೂ ಬಿಡದೆ, ಎಲ್ನಾಥಾನನೆಂಬವನನ್ನು ಕಳುಹಿಸಿ ಹಿಡಿತರಿಸಿ ಕತ್ತಿಯಿಂದ ಕೊಲ್ಲಿಸಿದನು. ನ್ಯಾಯ ಹೇಳಬೇಕಾದ ಸಿಂಹಾಸನವೇ ಅನ್ಯಾಯದ ಬೇರಾದ ಮೇಲೆ ಬಡವನು ಯಾರ ಬಾಗಿಲಿಗೆ ಹೋಗಬೇಕು? ಆಗಲೇ ಹಬಕ್ಕೂಕನು ಪ್ರಾರ್ಥನೆಗೆ ನಿಂತನು. ತಾನು ಕೂಗಿಕೊಂಡರೂ ದೇವರು ಕೇಳದೆ ಇರುವದು ಎಷ್ಟು ಕಾಲ, ಹಿಂಸೆಯನ್ನು ನೋಡುವ ಕಣ್ಣುಗಳನ್ನು ತನಗೆ ಕೊಟ್ಟು ರಕ್ಷಿಸದೆ ಇರುವದು ಯಾಕೆ, ಧರ್ಮಶಾಸ್ತ್ರವು ಜೋಮು ಹಿಡಿದ ಕೈಯಂತೆ ಬಿದ್ದುಕೊಂಡಿರುವದೇಕೆ ಎಂಬದೇ ಅವನ ಮೊದಲನೆಯ ಪ್ರಾರ್ಥನೆಯ ಸಾರಾಂಶ.

2. ದೂರು ಹೇಳುವದು ಅಪನಂಬಿಕೆಯಲ್ಲ

ಪ್ರಿಯರೇ, ಇಲ್ಲಿ ಒಂದನ್ನು ಗಮನಿಸಿರಿ. ಈ ಪ್ರಾರ್ಥನೆಯಲ್ಲಿ ಸ್ತೋತ್ರದ ಪೀಠಿಕೆ ಇಲ್ಲ, ನಯವಾದ ಮಾತುಗಳಿಲ್ಲ. ಆದರೂ ದೇವರು ಅವನನ್ನು ಗದರಿಸಲಿಲ್ಲ. ನೀನು ಯಾರು ಕೇಳುವದಕ್ಕೆ ಎಂದು ಹೇಳಲಿಲ್ಲ. ಅವನಿಗೆ ಉತ್ತರ ಕೊಟ್ಟನು. ಇದರಿಂದ ಏನು ತಿಳಿಯುವದಂದರೆ, ನೊಂದವನು ತನ್ನ ನೋವನ್ನು ಇದ್ದ ಹಾಗೆ ದೇವರ ಮುಂದೆ ಇಡುವದು ಪಾಪವಲ್ಲ. ಅದು ನಂಬಿಕೆಯ ಕೆಲಸವೇ. ಯಾಕಂದರೆ ಕೇಳುವವನು ಇಲ್ಲವೆಂದು ಎಣಿಸುವವನು ಕೂಗುವದಿಲ್ಲ. ಮನೆಯಲ್ಲಿ ತಾಯಿ ಇಲ್ಲವೆಂದು ಗೊತ್ತಿರುವ ಕೂಸು ಬಾಗಿಲು ಬಡಿಯುವದಿಲ್ಲ.

ಹಾಗಾದರೆ ಅರಣ್ಯದಲ್ಲಿ ಗುಣುಗುಟ್ಟಿದ ಇಸ್ರಾಯೇಲ್ಯರನ್ನು ದೇವರು ದಂಡಿಸಿದ್ದು ಯಾಕೆಂದು ಕೆಲವರು ಕೇಳಾರು. ಭೇದವುಂಟು. ಅವರು ದೇವರ ಮೇಲಿನ ದೂರನ್ನು ಒಬ್ಬರಿಗೊಬ್ಬರು ಡೇರೆಗಳಲ್ಲಿ ಕೂತು ಹೇಳಿಕೊಂಡು ಐಗುಪ್ತದ ಕಡೆಗೆ ಮುಖ ತಿರುಗಿಸಿದರು. ಹಬಕ್ಕೂಕನು ಅದೇ ದೂರನ್ನು ದೇವರಿಗೇ ಹೇಳಿ ಆತನ ಕಡೆಗೇ ಮುಖವಿಟ್ಟು ನಿಂತನು. ಕಹಿಯಾದ ಮಾತು ಒಂದೇ ಆಗಿರಬಹುದು. ಅದನ್ನು ಯಾರ ಮುಂದೆ ಆಡುತ್ತೇವೆಂಬದರ ಮೇಲೆ ಅದು ಗುಣುಗುಟ್ಟುವಿಕೆಯೋ ಪ್ರಾರ್ಥನೆಯೋ ಎಂಬದು ನಿರ್ಣಯವಾಗುತ್ತದೆ. ಕಟ್ಟೆಯ ಮೇಲೆ ಕೂತು ವೈರಿಯನ್ನು ಬೈದವನು ಹಗುರವಾಗಿ ಮನೆಗೆ ಹೋಗುವದಿಲ್ಲ. ಇನ್ನಷ್ಟು ಉರಿಯನ್ನು ಹೊತ್ತುಕೊಂಡು ಹೋಗುತ್ತಾನೆ. ಮೊಣಕಾಲೂರಿ ಅದನ್ನೇ ದೇವರಿಗೆ ಒಪ್ಪಿಸಿದವನು ಆ ಹೊರೆಯನ್ನು ಇಳಿಸತಕ್ಕ ಸ್ಥಳದಲ್ಲಿ ಇಳಿಸಿದ್ದಾನೆ.

3. ಬಂದ ಉತ್ತರವೂ ಸುಲಭವಾದದ್ದಲ್ಲ

ದೇವರು ಕೊಟ್ಟ ಉತ್ತರವೇನು? ಕಸ್ದೀಯರನ್ನು ಎಬ್ಬಿಸುತ್ತೇನೆಂಬದೇ. ಈ ಜನಾಂಗವು ಆಗ ತಾನೇ ಬಲಗೊಳ್ಳುತ್ತಿತ್ತು. ಕ್ರಿ.ಪೂ. 612ರಲ್ಲಿ ಅವರು ಮೇದ್ಯರೊಡನೆ ಕೂಡಿ ಅಶ್ಶೂರದ ನಿನೆವೆಯನ್ನು ಕೆಡವಿದ್ದರು. 605ರಲ್ಲಿ ಕರ್ಕೆಮೀಷಿನ ಬಳಿ ಐಗುಪ್ತದ ಸೈನ್ಯವನ್ನು ಮುರಿದರು. ಅವರ ಕುದುರೆಗಳು ಚಿರತೆಗಳಿಗಿಂತ ವೇಗಿಗಳೆಂದೂ ಅವರಿಗೆ ತಮ್ಮ ಬಲವೇ ದೇವರೆಂದೂ ಪ್ರವಾದಿಗೆ ತಿಳಿಸಲ್ಪಟ್ಟಿತು.

ಈ ಉತ್ತರದಿಂದ ಹಬಕ್ಕೂಕನ ಸಂಕಟವು ಇಮ್ಮಡಿಯಾಯಿತು. ಸ್ವಂತ ಊರಿನ ಅನ್ಯಾಯಗಾರರನ್ನು ದಂಡಿಸಲು ಅವರಿಗಿಂತಲೂ ದೊಡ್ಡ ಅನ್ಯಾಯಗಾರರು ಬರುವರೋ? ಒಬ್ಬ ಸಾಹುಕಾರನ ಸಾಲ ತೀರಿಸಲು ಅವನಿಗಿಂತ ಕಠಿಣನಾದ ಇನ್ನೊಬ್ಬ ಸಾಹುಕಾರನ ಕೈಗೆ ಬಿದ್ದ ಹಾಗಾಯಿತಲ್ಲಾ! ಆಗ ಅವನು ಎರಡನೆಯ ಸಾರಿ ದೂರು ಹೇಳಿದನು. ಮನುಷ್ಯರು ಕಡಲಿನ ಮೀನುಗಳ ಹಾಗಾಗಿದ್ದಾರೆ. ಬಾಬೆಲಿನವನು ಗಾಳದಿಂದ ಎತ್ತುತ್ತಾನೆ, ಬಲೆಯಿಂದ ಬಾಚುತ್ತಾನೆ, ಆಮೇಲೆ ಆ ಬಲೆಗೇ ಧೂಪ ಹಾಕಿ ಪೂಜಿಸುತ್ತಾನೆ. ಅವನು ಹೀಗೆ ಬಲೆ ಬೀಸಿ ಕೊಲ್ಲುತ್ತಲೇ ಇರಬೇಕೋ ಎಂದು ಕೇಳಿದನು.

ಬಲೆಗೆ ಪೂಜೆ ಎಂಬ ಈ ಮಾತನ್ನು ನಾವು ಮರೆಯದಿರೋಣ. ಕೆಡುಕಿನ ಮುಖ್ಯ ಶಕ್ತಿಯು ಅದು ಕೊಡುವ ಏಟಿನಲ್ಲಿಲ್ಲ. ಅದು ನಮ್ಮ ಮನಸ್ಸನ್ನು ಒಳಗೆ ಮಾಡಿಕೊಳ್ಳುವದರಲ್ಲಿದೆ. ಬಲೆಯಿಂದ ಒಬ್ಬನು ಧನವಂತನಾದದ್ದನ್ನು ನೋಡಿ ಮೀನುಗಳೂ ಬಲೆಯನ್ನೇ ಆಶಿಸುವಂತಾದರೆ ಸೈತಾನನ ಕೆಲಸ ಮುಗಿದಂತೆಯೇ. ಸುಳ್ಳು ಸಾಕ್ಷಿಯಿಂದ ಸೋತವನು ಮುಂದಿನ ವ್ಯಾಜ್ಯದಲ್ಲಿ ತಾನೂ ಒಬ್ಬ ಸುಳ್ಳು ಸಾಕ್ಷಿಯನ್ನು ಕೂಲಿಗೆ ಹಿಡಿದರೆ, ವೈರಿಯು ಎರಡು ಸಾರಿ ಗೆದ್ದನು: ಮೊದಲು ಅವನ ಹೊಲವನ್ನು, ಆಮೇಲೆ ಅವನ ಆತ್ಮವನ್ನು. ಕೆಡುಕನ ಮೇಲೆ ಮಾಟ ಮಾಡಿಸಲು ಕತ್ತಲೆಯಲ್ಲಿ ಹೋಗುವವನೂ, ಪುಂಡರಿಗೆ ಹಣ ಕೊಟ್ಟು ಬೆದರಿಸುವವನೂ ಅದೇ ಬಲೆಗೆ ಧೂಪ ಹಾಕುವವರಾಗಿದ್ದಾರೆ.

4. ಗೋಪುರದ ಮೇಲಿನ ಕಾವಲು

ಎರಡನೆಯ ದೂರನ್ನು ಹೇಳಿದ ಮೇಲೆ ಪ್ರವಾದಿಯು ಏನು ಮಾಡಿದನು? ಬಾಗಿಲು ಹಾಕಿಕೊಂಡು ಮಲಗಲಿಲ್ಲ. ಬಾಬೆಲಿನವರೊಡನೆ ಸಂಧಾನಕ್ಕೂ ಹೋಗಲಿಲ್ಲ. ತನ್ನ ಕಾವಲಿನ ಸ್ಥಳವನ್ನು ಏರಿ, ದೇವರು ತನಗೆ ಏನು ಹೇಳುವನೋ ನೋಡುವೆನೆಂದು ನಿಂತನು.

ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲಾ ಕೂತು ಬೆಳೆ ಕಾಯುವದು ಏನೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕಾವಲಿನವನು ಬೆಳಗನ್ನು ಕರೆತರಲಾರನು, ಮಂಜನ್ನು ತಡೆಯಲಾರನು, ಹಂದಿಯು ಯಾವ ಕಡೆಯಿಂದ ನುಗ್ಗುವದೋ ಅವನಿಗೆ ತಿಳಿಯದು. ಅವನ ಕೈಯಲ್ಲಿರುವದು ಒಂದೇ: ಕೆಳಗಿಳಿಯದೆ, ನಿದ್ರಿಸದೆ ಇರುವದು. ಬೆಳಗಾಗುವದು ಅವನ ಕೆಲಸವಲ್ಲ. ಬೆಳಗಾಗುವ ವರೆಗೆ ಎಚ್ಚರವಿರುವದು ಅವನ ಕೆಲಸ. ಕೆಡುಕು ಪ್ರಬಲಿಸಿರುವಾಗ ಮಾಡುವ ಪ್ರಾರ್ಥನೆಯು ಇಂಥದೇ.

ಅಲ್ಲಿ ಅವನಿಗೆ ಒಂದು ಕೆಲಸವೂ ದೊರಕಿತು. ದರ್ಶನವನ್ನು ಹಲಗೆಗಳ ಮೇಲೆ, ಓಡುವವನೂ ಓದಬಹುದಾದಷ್ಟು ಸ್ಪಷ್ಟವಾಗಿ ಬರೆಯಬೇಕೆಂದು ದೇವರು ಆಜ್ಞಾಪಿಸಿದನು. ಅದು ತಡವಾದರೂ ಸುಳ್ಳಾಗದು, ಕಾದಿರು ಎಂದನು. ಕಾಯುವದೆಂದರೆ ಕೈಕಟ್ಟಿ ಕೂರುವದಲ್ಲವೆಂಬದು ಇದರಿಂದ ತೋರುತ್ತದೆ. ಕಾಯುತ್ತಿರುವವನು ಸತ್ಯವನ್ನು ಬರೆದಿಡಬೇಕು, ಹೇಳಿಡಬೇಕು, ಮಕ್ಕಳಿಗೆ ಕಲಿಸಿಡಬೇಕು.

ಆ ಬರವಣಿಗೆಯು ಎಷ್ಟು ದೂರ ಹೋಯಿತೆಂಬದನ್ನು ನೋಡಿರಿ. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನಿನ ಗವಿಯೊಂದರಲ್ಲಿ ಹಳೇ ಸುರುಳಿಗಳು ದೊರಕಿದವು. ಅವುಗಳಲ್ಲಿ ಹಬಕ್ಕೂಕನ ಮೊದಲ ಎರಡು ಅಧ್ಯಾಯಗಳ ಮೇಲೆ ಬರೆದ ವ್ಯಾಖ್ಯಾನವೂ ಒಂದು. ಪ್ರವಾದಿಯು ಸತ್ತು ನೂರಾರು ವರುಷಗಳಾದ ಮೇಲೆ, ರೋಮಾಯರ ಬಲವನ್ನು ಕಂಡು ನಡುಗುತ್ತಿದ್ದ ಆ ಜನರು ಕಸ್ದೀಯರೆಂಬ ಹೆಸರಿನಲ್ಲಿ ತಮ್ಮ ಕಾಲದ ಬಲಾತ್ಕಾರಿಗಳನ್ನೇ ಕಂಡು, ಅದೇ ಮಾತುಗಳಿಂದ ಧೈರ್ಯ ಹೊಂದಿದರು. ಯೆಹೋಯಾಕೀಮನು ಸುಟ್ಟ ಸುರುಳಿಯಾದರೋ? ಯೆರೆಮೀಯನು ಬಾರೂಕನಿಂದ ಅದನ್ನು ಮತ್ತೆ ಬರೆಯಿಸಿದನು. ಇನ್ನೂ ಅನೇಕ ಮಾತುಗಳು ಅದಕ್ಕೆ ಕೂಡಿದವು. ಬೆಂಕಿಗೆ ಹಾಕಿದ ಅರಸನ ಅರಮನೆ ಇಂದು ಇಲ್ಲ. ಬೆಂಕಿಗೆ ಬಿದ್ದ ಮಾತು ನಮ್ಮ ಮನೆಯ ಗೂಡಿನಲ್ಲಿದೆ.

5. ನೀತಿವಂತನು ಬದುಕುವ ಬಗೆ

ಆ ದರ್ಶನದ ನಡುವೆ ಒಂದು ಚಿಕ್ಕ ಮಾತುಂಟು: ನೀತಿವಂತನ ಬದುಕು ಅವನ ನಂಬಿಕೆಯ ಮೇಲೆ ನಿಂತಿದೆ ಎಂಬದೇ ಅದರ ಅಭಿಪ್ರಾಯ. ಅಪೊಸ್ತಲನಾದ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದಾಗ ಈ ಮಾತನ್ನೇ ಅಸ್ತಿವಾರವಾಗಿ ಎತ್ತಿಕೊಂಡನು. ನಂಬಿಕೆಗೆ ಇಲ್ಲಿರುವ ಇಬ್ರಿಯ ಪದವು ಎಮೂನಾ. ಸ್ಥಿರವಾಗಿ, ಅಲುಗದೆ ನಿಲ್ಲುವದೆಂಬ ಅರ್ಥವೂ ಅದಕ್ಕುಂಟು. ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಅದೇ ಪದವು ಬರುತ್ತದೆ. ಅಮಾಲೇಕ್ಯರೊಡನೆ ಯುದ್ಧವಾಗುವಾಗ ಗುಡ್ಡದ ಮೇಲೆ ಕೈಯೆತ್ತಿದ ಮೋಶೆಯ ಕೈಗಳು ಸೋತವು. ಆಗ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಒಬ್ಬನು ಈ ಕಡೆ ಒಬ್ಬನು ಆ ಕಡೆ ಕೈಗಳನ್ನು ಎತ್ತಿ ಹಿಡಿದರು. ಹೊತ್ತು ಮುಳುಗುವ ತನಕ ಅವನ ಕೈಗಳು ಸ್ಥಿರವಾಗಿದ್ದವು. ಆ ಸ್ಥಿರತೆಯೇ ಎಮೂನಾ.

ಇದರಲ್ಲಿ ನಮ್ಮ ಸಭೆಗಳಿಗೆ ದೊಡ್ಡ ಪಾಠವಿದೆ. ಮೋಶೆಯ ಕೈಗಳೇ ಸೋತವೆಂದ ಮೇಲೆ, ಗಂಡನನ್ನು ಕಳೆದುಕೊಂಡು ಹೊಲವನ್ನೂ ಕಳೆದುಕೊಂಡ ಒಬ್ಬ ತಾಯಿಯ ಕೈಗಳು ಸೋತರೆ ಆಶ್ಚರ್ಯವೇನು? ಆಕೆಗೆ ನಂಬಿಕೆ ಸಾಲದೆಂದು ಹೇಳುವದು ನಮ್ಮ ಕೆಲಸವಲ್ಲ. ಆಕೆಯ ಮಗ್ಗುಲಲ್ಲಿ ನಿಂತು ಕೈಗಳನ್ನು ಎತ್ತಿ ಹಿಡಿಯುವದೇ ನಮ್ಮ ಕೆಲಸ. ಆಕೆಯ ಹೆಸರನ್ನು ಪ್ರಾರ್ಥನೆಯಲ್ಲಿ ಎತ್ತುವದೊಂದು ಕೈ. ಆಕೆಯ ಸಂಗಡ ಕಚೇರಿಯ ಮೆಟ್ಟಲಿನ ವರೆಗೆ ನಡೆಯುವದು ಇನ್ನೊಂದು ಕೈ.

6. ಬಿಡುಗಡೆ ಕಾಣದೆ ಸತ್ತವರ ವಿಷಯ

ಇಲ್ಲಿ ಕಠಿಣವಾದ ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. ಯೆಹೋಯಾಕೀಮನ ದಿವಸಗಳಲ್ಲಿ ಒಂದೇ ಸಂದೇಶವನ್ನು ಸಾರಿದ ಇಬ್ಬರು ಪ್ರವಾದಿಗಳಿದ್ದರು. ಜನರು ಯೆರೆಮೀಯನನ್ನು ಕೊಲ್ಲಬೇಕೆಂದು ಎದ್ದಾಗ ಶಾಫಾನನ ಮಗನಾದ ಅಹೀಕಾಮನು ಅಡ್ಡ ಬಂದನು, ಅವನು ಉಳಿದನು. ಊರೀಯನಿಗೆ ಯಾರೂ ಅಡ್ಡ ಬರಲಿಲ್ಲ. ಅವನ ಶವವನ್ನು ಸಾಮಾನ್ಯ ಜನರ ಶ್ಮಶಾನದಲ್ಲಿ ಬಿಸಾಡಿದರು. ಈ ಎರಡು ಸಂಗತಿಗಳು ಯೆರೆಮೀಯನ ಗ್ರಂಥದ 26ನೆಯ ಅಧ್ಯಾಯದಲ್ಲಿ ಒಂದರ ಮಗ್ಗುಲಲ್ಲಿ ಒಂದು ಬರೆಯಲ್ಪಟ್ಟಿವೆ. ಊರೀಯನು ಕಡಿಮೆ ಪ್ರಾರ್ಥಿಸಿದನೆಂದು ಶಾಸ್ತ್ರವು ಹೇಳುವದಿಲ್ಲ. ದೇವರು ಒಬ್ಬನನ್ನು ಉಳಿಸಿ ಇನ್ನೊಬ್ಬನನ್ನು ಕತ್ತಿಗೆ ಬಿಟ್ಟದ್ದು ಯಾಕೆಂದು ಅದು ವಿವರಿಸುವದೂ ಇಲ್ಲ. ಆದಕಾರಣ, ಪ್ರಾರ್ಥಿಸಿದರೆ ಕಷ್ಟವು ತಪ್ಪದೆ ನೀಗುವದೆಂದು ನಿಮಗೆ ಹೇಳುವವರು ದೇವರು ಹೇಳದ್ದನ್ನು ಹೇಳುತ್ತಾರೆ.

ಹಬಕ್ಕೂಕನೂ ಮಾತು ನೆರವೇರಿದ್ದನ್ನು ಪೂರ್ಣವಾಗಿ ಕಂಡನೆಂದು ಎಣಿಸಲು ಆಧಾರವಿಲ್ಲ. ಯೆಹೋಯಾಕೀಮನು ಸತ್ತ ಮೇಲೆ ಅವನ ಮಗನು ಮೂರು ತಿಂಗಳು ಮಾತ್ರ ಆಳಿ, ಕ್ರಿ.ಪೂ. 597ರಲ್ಲಿ ಬಾಬೆಲಿನವರಿಗೆ ಶರಣಾದನು. ಆ ವರುಷ ಬಾಬೆಲಿನ ಅರಸನು ಯೆಹೂದದ ಪಟ್ಟಣವನ್ನು ಹಿಡಿದು ತನಗೆ ಒಪ್ಪಿದ ಅರಸನನ್ನು ಅಲ್ಲಿ ನೇಮಿಸಿದನೆಂದು ಬಾಬೆಲಿನವರೇ ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟದ್ದು ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಹತ್ತು ವರುಷಗಳ ಮೇಲೆ ಯೆರೂಸಲೇಮೂ ದೇವಾಲಯವೂ ಸುಟ್ಟುಹೋದವು. ಬಾಬೆಲಾದರೋ ಕ್ರಿ.ಪೂ. 539ರಲ್ಲಿ ಪಾರಸಿಯ ಅರಸನಾದ ಕೋರೆಷನ ಕೈಗೆ ಬಿದ್ದಿತು. ಕರ್ಕೆಮೀಷಿನ ಯುದ್ಧದಿಂದ ಆ ದಿನದ ವರೆಗೆ 66 ವರುಷಗಳು. ಮೊದಲ ದಿನದಲ್ಲಿ ಪ್ರಾರ್ಥಿಸಿದವರಲ್ಲಿ ಹೆಚ್ಚು ಮಂದಿ ಕಡೆಯ ದಿನವನ್ನು ಕಾಣಲಿಲ್ಲ. ಆದರೂ ಉತ್ತರವು ಬಂದಿತು. ಲೋಕವನ್ನೆಲ್ಲಾ ಬಾಚಿದ ಬಲೆಯು ಹರಿದುಹೋಯಿತು.

ಇದಕ್ಕಿಂತಲೂ ದೊಡ್ಡ ಉತ್ತರವು ಶಿಲುಬೆಯಲ್ಲಿದೆ. ಆ ಮಧ್ಯಾಹ್ನ ಕೆಡುಕು ಗೆದ್ದಂತೆಯೇ ತೋರಿತು. ಸುಳ್ಳು ಸಾಕ್ಷಿ ನಿಂತಿತು, ಅಧಿಪತಿಯು ಕೈ ತೊಳೆದುಕೊಂಡನು, ಸ್ನೇಹಿತರು ಓಡಿಹೋದರು. ನಮ್ಮ ಕರ್ತನೂ ಅಲ್ಲಿ ಹಬಕ್ಕೂಕನ ಹಾಗೆ ಯಾಕೆ ಎಂದು ಕೂಗಿದನು. ಆ ಕೂಗಿಗೆ ಆಕಾಶದಿಂದ ಉತ್ತರವು ಕೇಳಿಬರಲಿಲ್ಲ; ಮೂರನೆಯ ದಿನದ ಬೆಳಿಗ್ಗೆ ಕಲ್ಲು ಉರುಳಿದ್ದನ್ನು ಸ್ತ್ರೀಯರು ಕಂಡರು. ಆದದರಿಂದ, ನಮ್ಮ ಪ್ರಾರ್ಥನೆಗೆ ಉತ್ತರವಿಲ್ಲದ ದಿನದಲ್ಲಿಯೂ ನಾವು ಒಂಟಿಗರಲ್ಲ. ಉತ್ತರವಿಲ್ಲದ ಆ ಕತ್ತಲೆಯೊಳಗೆ ನಮಗಿಂತ ಮುಂಚೆ ಹೋದವನು ಒಬ್ಬನಿದ್ದಾನೆ.

7. ಮನುಷ್ಯರ ಕೈಗಳಿಂದ ಬರುವ ಉತ್ತರ

ಕಾದು ಪ್ರಾರ್ಥಿಸಿದವರು ಕೆಲಸವನ್ನೂ ಮಾಡಿದರೆಂಬದಕ್ಕೆ ಈಚಿನ ಕಾಲದ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ಮಾರುವ ವ್ಯಾಪಾರವನ್ನು ನಿಲ್ಲಿಸಬೇಕೆಂದು ಇಂಗ್ಲೆಂಡಿನಲ್ಲಿ ಭಕ್ತರಾದ ಕೆಲವರು ಎದ್ದರು. ಅವರಲ್ಲಿ ವಿಲ್ಬರ್‌ಫೋರ್ಸ್ ಎಂಬವನು 1791ರಲ್ಲಿ ಆ ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ತಂದಾಗ 163 ಮತಗಳು ವಿರೋಧವಾಗಿಯೂ 88 ಮಾತ್ರ ಪರವಾಗಿಯೂ ಬಿದ್ದು ಸೋತನು. ಆಮೇಲೆಯೂ ಸಾರಿ ಸಾರಿ ಸೋತನು, ಗೋಪುರದಿಂದ ಇಳಿಯಲಿಲ್ಲ. 1807ರಲ್ಲಿ ಅದೇ ಸಭೆಯು 283 ಮತಗಳಿಂದ, 16 ಮಾತ್ರ ವಿರೋಧವಾಗಿರಲು, ಆ ವ್ಯಾಪಾರವನ್ನು ತೆಗೆದುಹಾಕಿತು. 1833ರಲ್ಲಿ ಆ ರಾಜ್ಯದ ಹೆಚ್ಚಿನ ದೇಶಗಳಲ್ಲಿ ಗುಲಾಮಗಿರಿಯೇ ರದ್ದಾಗುವ ಕಾಯಿದೆಯಾಯಿತು. ಅದು ಕೆಳಗಿನ ಸಭೆಯಲ್ಲಿ ಒಪ್ಪಿಗೆಯಾದ ಮೂರು ದಿನಗಳ ಮೇಲೆ ವಿಲ್ಬರ್‌ಫೋರ್ಸನು ನಿದ್ರೆಹೋದನು.

ಆದರೆ ಆ ಕಾಯಿದೆಯು ಕಂಪೆನಿಯ ಆಳಿಕೆಯಲ್ಲಿದ್ದ ನಮ್ಮ ದೇಶಕ್ಕೆ ಮುಟ್ಟಲಿಲ್ಲ. ಇಲ್ಲಿಯ ನ್ಯಾಯಸ್ಥಾನಗಳು ಒಬ್ಬ ಮನುಷ್ಯನನ್ನು ಇನ್ನೊಬ್ಬನ ಸೊತ್ತೆಂದು ಒಪ್ಪಕೂಡದೆಂಬ ಕಾಯಿದೆಯು 1843ರಲ್ಲಿ ಬಂದಿತು. ಕನ್ನಡ ಜಿಲ್ಲೆಯಲ್ಲಿ ಅದಕ್ಕೆ ಮುಂಚೆ ಗದ್ದೆಗಳ ದುಡಿತಕ್ಕೆ ತಲೆಮಾರಿನಿಂದ ಕಟ್ಟುಬಿದ್ದ ಆಳುಗಳು ಇದ್ದರು. ಹೆಸರಿಗೆ ಗುಲಾಮಗಿರಿ ಹೋದರೂ ಸಾಲದ ಜೀತವು ಉಳಿಯಿತು. ಜೀತವನ್ನು ನಿಷೇಧಿಸುವ ಕಾಯಿದೆಯು 1976ರಲ್ಲಿ ಆಯಿತು. ಈ ಎರಡು ವರುಷಗಳ ನಡುವೆ 133 ವರುಷಗಳು! ಎಷ್ಟು ಮಂದಿ ಅಜ್ಜಿಯರು, ಎಷ್ಟು ಮಂದಿ ಆಳುಗಳು ಅಷ್ಟರೊಳಗೆ ಕೂಗಿಕೊಂಡಿರಲಿಕ್ಕಿಲ್ಲ! ಕಾಯಿದೆಯನ್ನು ಬರೆದವರು ಆ ಕೂಗುಗಳನ್ನು ಕೇಳದಿದ್ದರೂ ದೇವರು ಕೇಳಿದನು.

ಕೆಡುಕಿನ ವಿಷಯದಲ್ಲಿ ಪ್ರಾರ್ಥಿಸುವವನು ನ್ಯಾಯವಾದ ಉಪಾಯಗಳನ್ನು ಬಿಟ್ಟುಬಿಡಬೇಕೆಂದು ಇದರಿಂದ ಯಾರೂ ತಿಳಿಯಬಾರದು. ಪೌಲನು ಸೆರೆಯಲ್ಲಿ ಪ್ರಾರ್ಥಿಸಿದನು. ಸಮಯ ಬಂದಾಗ ಕೈಸರನ ನ್ಯಾಯಾಸನಕ್ಕೆ ಹೋಗುವೆನೆಂದು ತನ್ನ ಹಕ್ಕನ್ನೂ ಕೇಳಿದನು. ಕರ್ತನು ಹೇಳಿದ ಸಾಮ್ಯದಲ್ಲಿ ವಿಧವೆಯು ಮನೆಯಲ್ಲಿ ಕೂತು ಅಳಲಿಲ್ಲ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲಿಗೆ ದಿನದಿನವೂ ನಡೆದಳು.

8. ನಾವು ಮಾಡತಕ್ಕದ್ದು

ಹೀಗಿರಲಾಗಿ, ಪ್ರಿಯರೇ, ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿಡೋಣ.

ಮೊದಲನೆಯದಾಗಿ, ಆದ ಅನ್ಯಾಯವನ್ನು ದೇವರ ಮುಂದೆ ಹೆಸರು ಹಿಡಿದು ಹೇಳೋಣ. ಲೋಕದ ಕಷ್ಟಗಳನ್ನೆಲ್ಲಾ ನೀಗಿಸು ಎಂದು ಒಟ್ಟಾಗಿ ಹೇಳುವದು ಸುಲಭ. ಯಾವ ಹೊಲ, ಯಾವ ಕೂಲಿ, ಯಾವ ಮಗಳ ಕಣ್ಣೀರು ಎಂದು ಹೇಳುವದು ಪ್ರಾರ್ಥನೆ.

ಎರಡನೆಯದಾಗಿ, ಬಲೆಯು ನಮ್ಮ ಸ್ವಂತ ಮನೆಯಲ್ಲಿಯೂ ಇದೆಯೋ ಎಂದು ಹುಡುಕೋಣ. ಹಬಕ್ಕೂಕನ ಐದು ಅಯ್ಯೋಗಳನ್ನು ಓದಿರಿ. ಪರರ ಸೊತ್ತಿನಿಂದ ಗುಡ್ಡೆ ಹಾಕಿಕೊಳ್ಳುವವನಿಗೂ, ಅನ್ಯಾಯದ ಲಾಭದಿಂದ ಎತ್ತರದಲ್ಲಿ ಗೂಡು ಕಟ್ಟುವವನಿಗೂ, ನೆರೆಯವನಿಗೆ ಕುಡಿಸಿ ಅವನ ಮಾನ ಕಳೆಯುವವನಿಗೂ ಹೇಳಿದ ಮಾತುಗಳು ಬಾಬೆಲಿಗೆ ಮಾತ್ರವಲ್ಲ. ಅಂಥ ಮನೆಯ ಗೋಡೆಯ ಕಲ್ಲೇ ಕೂಗುವದೆಂದೂ ಜಂತೆಯು ಅದಕ್ಕೆ ಉತ್ತರ ಕೊಡುವದೆಂದೂ ಪ್ರವಾದಿಯು ಹೇಳುತ್ತಾನೆ. ದೊಡ್ಡವನು ನಮಗೆ ಮಾಡಿದ ಅನ್ಯಾಯಕ್ಕಾಗಿ ಅತ್ತು, ನಮ್ಮ ತಕ್ಕಡಿಯಲ್ಲಿ ಚಿಕ್ಕವನಿಗೆ ಮೋಸಮಾಡಿದರೆ, ನಮ್ಮ ಪ್ರಾರ್ಥನೆಯು ನಮ್ಮ ಮೇಲೆಯೇ ಸಾಕ್ಷಿಯಾಗುವದು.

ಮೂರನೆಯದಾಗಿ, ಕೆಡುಕನಿಗೋಸ್ಕರವೂ ಪ್ರಾರ್ಥಿಸೋಣ. ಇದು ಬಹು ಕಷ್ಟ. ಆದರೂ ಕರ್ತನ ಅಪ್ಪಣೆ. ಊರೀಯನನ್ನು ಐಗುಪ್ತದಿಂದ ಹಿಡಿತಂದ ಎಲ್ನಾಥಾನನನ್ನು ನೆನಸಿರಿ. ಅರಸನು ಸುರುಳಿಯನ್ನು ಸುಡುತ್ತಿದ್ದಾಗ, ಸುಡಬೇಡವೆಂದು ಬೇಡಿಕೊಂಡ ಮೂವರಲ್ಲಿ ಅವನೂ ಒಬ್ಬನೆಂದು 36ನೆಯ ಅಧ್ಯಾಯವು ತಿಳಿಸುತ್ತದೆ. ದುಷ್ಟ ಕಾರ್ಯಕ್ಕೆ ಕೈಯಾದವನ ಒಳಗೂ ದೇವರ ಮಾತಿಗೆ ಅಂಜುವ ಒಂದು ಮೂಲೆ ಉಳಿದಿತ್ತು. ಅಂಥ ಮೂಲೆಯು ನಮ್ಮ ವೈರಿಯಲ್ಲಿ ಇಲ್ಲವೆಂದು ಹೇಳಲು ನಾವು ಯಾರು? ಅವನ ಬಿಡುಗಡೆಗಾಗಿ ಬೇಡುವದೂ ನಮ್ಮ ಬಿಡುಗಡೆಯ ಒಂದು ಪಾಲೇ.

ನಾಲ್ಕನೆಯದಾಗಿ, ನೊಂದವರಿಗೆ ಅಹೀಕಾಮರಾಗೋಣ. ಯೆರೆಮೀಯನು ಉಳಿದದ್ದು ಆಕಾಶದಿಂದ ಬೆಂಕಿ ಇಳಿದದ್ದರಿಂದಲ್ಲ. ಒಬ್ಬ ಮನುಷ್ಯನು ಅವನ ಪಕ್ಷದಲ್ಲಿ ನಿಂತದ್ದರಿಂದ. ನಮ್ಮ ನೆರೆಯವನ ಪ್ರಾರ್ಥನೆಗೆ ದೇವರು ಕಳುಹಿಸಬೇಕೆಂದಿರುವ ಉತ್ತರವು ನಾವೇ ಆಗಿದ್ದು, ನಾವು ಅಂಜಿ ಮನೆಯಲ್ಲಿ ಕೂತರೆ, ದೇವರು ಸುಮ್ಮನಿದ್ದಾನೆಂದು ದೂರುವದಕ್ಕೆ ನಮಗೆ ಬಾಯಿರುವದೋ?

ಕಡೆಯದಾಗಿ, ಪ್ರವಾದಿಯ ಮೂರನೆಯ ಅಧ್ಯಾಯವು ಗೀತವಾಗಿದೆ. ದೂರಿನಿಂದ ಆರಂಭವಾದ ಗ್ರಂಥವು ತಂತಿವಾದ್ಯದ ಸಂಗಡ ಸಭೆಯು ಹಾಡತಕ್ಕ ಹಾಡಿನಿಂದ ಮುಗಿಯುತ್ತದೆ. ಅಂಜೂರವು ಹೂ ಬಿಡದಿದ್ದರೂ, ದ್ರಾಕ್ಷಿಯೂ ಎಣ್ಣೆಯ ಮರವೂ ಮೋಸಮಾಡಿದರೂ, ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ತಾನು ದೇವರಲ್ಲಿ ಆನಂದಪಡುವೆನೆಂದು ಅವನು ಹೇಳುತ್ತಾನೆ. ಇದನ್ನು ಬರೆಯುವಾಗ ಅವನ ತುಟಿಗಳು ಅದರುತ್ತಿದ್ದವು, ಎಲುಬುಗಳು ನಡುಗುತ್ತಿದ್ದವು. ಅದನ್ನೂ ಅವನು ಬರೆದಿದ್ದಾನೆ. ಹೆದರಿಕೆ ಹೋದ ಮೇಲೆ ಹಾಡಿದವನಲ್ಲ ಅವನು, ಹೆದರಿಕೆಯೊಳಗೇ ಹಾಡಿದವನು. ರಾಗಿಯ ತೆನೆ ಜೊಳ್ಳಾದರೂ, ಬಾವಿ ಬತ್ತಿದರೂ, ವ್ಯಾಜ್ಯದ ತೀರ್ಪು ನಮಗೆ ವಿರೋಧವಾದರೂ, ದೇವರು ನಮ್ಮ ಕಡೆಯ ಮಾತು ಎಂದು ನಾವೂ ಹಾಡಬಹುದು. ಯಾಕಂದರೆ ಆತನು ಕೊಟ್ಟದ್ದನ್ನು ಕೆಡುಕನು ಕಸುಕೊಳ್ಳಬಹುದು, ಆತನನ್ನು ಕಸುಕೊಳ್ಳಲಾರನು.

ನಾವು ಪ್ರಾರ್ಥಿಸೋಣ:

ಎಲ್ಲವನ್ನೂ ನೋಡುವ ತಂದೆಯೇ, ನಮ್ಮ ಗ್ರಾಮಗಳಲ್ಲಿ ನಡೆಯುವ ಅನ್ಯಾಯವು ನಿನಗೆ ಮರೆಯಾದದ್ದಲ್ಲ. ನಮ್ಮ ಬಾಯಿಗೆ ಮಾತು ಸಾಲದಾಗ ನಮ್ಮ ನಿಟ್ಟುಸಿರನ್ನೇ ಪ್ರಾರ್ಥನೆಯಾಗಿ ಅಂಗೀಕರಿಸು. ನಿನ್ನ ಉತ್ತರವು ತಡವಾದರೆ ನಮ್ಮನ್ನು ಗೋಪುರದಿಂದ ಇಳಿಯಗೊಡಬೇಡ. ವೈರಿಯ ಬಲೆಯನ್ನು ನಮ್ಮ ಕೈಗೆ ಎತ್ತಿಕೊಳ್ಳದಂತೆ ನಮ್ಮನ್ನು ಕಾಪಾಡು. ಕೆಡುಕು ಮಾಡುವವರ ಹೃದಯವನ್ನು ತಿರುಗಿಸು. ನೊಂದವರ ಮಗ್ಗುಲಲ್ಲಿ ನಿಲ್ಲುವ ಧೈರ್ಯವನ್ನು ನಮಗೆ ಕೊಡು. ಶಿಲುಬೆಯನ್ನು ಹೊತ್ತು ಸಮಾಧಿಯಿಂದ ಎದ್ದ ನಿನ್ನ ಮಗನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.